ಎರವಲು ತವರು

ಸೇಲಂ ಸೀಮೆ ಕುಂಪಣಿಯವರ ಕೈಸೇರಿದ ಮರುವರ್ಷ ಕಮ್ಮಾರ ಹೊನ್ನಪ್ಪ ಕೆಲಸ ಹುಡುಕಿಕೊಂಡು ಗಡಿ ದಾಟಿ ಶ್ರೀರಂಗಪಟ್ಟಣದ ಸೀಮೆಗೆ ಬಂದ. ಬರುವಾಗ ಆರು ತಿಂಗಳ ಬಸುರಿ ಹೆಂಡತಿ ಸೋಮಮ್ಮನನ್ನೂ ಕರೆತಂದ. ಗಂಡಸರಿಗೆ ಇಂಥ ಬುದ್ಧಿ ಹೊತ್ತಿಗೆ ಸರಿಯಾಗಿಯೇ ಹೊಳೆಯುತ್ತದೆ. ದುಡಿಮೆ ಹಿರೋಡೆಯ ಕುಲುಮೆಯಲ್ಲಿ, ವಾಸ ಚಿನಕುರಳಿಯಲ್ಲಿ.

ಚೊಚ್ಚಲ ಹೆರಿಗೆ ತವರಿನದು. ತವರಿನ ಹೆಂಗಸೊಬ್ಬಳು ಎಲೆ ಅಡಿಕೆ ಕೊಟ್ಟು ಕರೆದರಷ್ಟೇ ಊರ ಸೂಲಗಿತ್ತಿ ಚಿಕ್ಕಬೋರಮ್ಮ ಎದ್ದು ಬರುತ್ತಿದ್ದಳು. ಸೋಮಮ್ಮನ ತಾಯಿ ಗಡಿಯಾಚೆ; ಠಾಣೆಯವರು ಈಗ ಯಾರನ್ನೂ ಬಿಡುತ್ತಿರಲಿಲ್ಲ. ಹೊಟ್ಟೆ ಮಾತ್ರ ಯಾರ ಅಪ್ಪಣೆಗೂ ಕಾಯದೆ ಬೆಳೆಯುತ್ತಿತ್ತು.

ಸೋಮಮ್ಮ ಸುಮ್ಮನೆ ಕೂರುವವಳಲ್ಲ. ತಮ್ಮದೇ ಕುಲದ ಅಕ್ಕಸಾಲಿಗರ ಮನೆಯ ಚೆಲುವಮ್ಮನ ಹತ್ತಿರ ಹೋಗಿ, ತಾಯಿಯ ಜಾಗದಲ್ಲಿ ನೀವು ನಿಲ್ಲಬೇಕೆಂದು ಕೇಳಿದಳು.

"ಅದ್ಕೇನವ್ವ, ನಾನೇ ನಿನ್ನ ಎತ್ತೋಳು ಅನ್ಕೊ," ಎಂದು ಚೆಲುವಮ್ಮ ಮಡಿಲು ತುಂಬಿ ಕಳಿಸಿದಳು. ಸೋಮಮ್ಮ ಮನೆಗೆ ಬಂದು ಸಂತೋಷಕ್ಕೆ ಅತ್ತಳಂತೆ. ಆ ಅಳು ನೆನೆದರೆ ಈ ಕಥೆ ಹೇಳುವ ನನಗೆ ಈಗಲೂ ಸಂಕಟವಾಗುತ್ತದೆ.

ತಾಯಿಯಾಗಿ ನಿಂತವಳಿಗೆ ಪುರುಡಿನ ಮೈಲಿಗೆಯೂ ತಗಲುತ್ತದೆ. ಚೆಲುವಮ್ಮನ ಮನೆಯಲ್ಲಿ ಹೆರಿಗೆಯ ತಿಂಗಳಲ್ಲೇ ಮಗನ ಮದುವೆ. ಇದು ಅವಳಿಗೆ ತಡವಾಗಿ ಹೊಳೆಯಿತು. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೆ ಸೋಮಮ್ಮ ಬೇರೆ ಮನೆ ನೋಡಿಕೊಳ್ಳುತ್ತಿದ್ದಳು. ಹೇಳಲಿಲ್ಲ. ಮದುವೆ ಕೆಲಸದ ನೆಪದಲ್ಲಿ ಕಿಕ್ಕೇರಿಯ ಬೀಗರ ಮನೆಗೆ ಹೊರಟುಹೋದಳು. ಒಳ್ಳೆಯವಳೆಂಬ ಹೆಸರೂ ಉಳಿಯಬೇಕಲ್ಲ.

ಮಾರನೆಯ ಬೆಳಗ್ಗೆಯೇ ನೋವು ಶುರುವಾಯಿತು. ಚೆಲುವಮ್ಮನ ಬಾಗಿಲಿಗೆ ಬೀಗ. ಹೊನ್ನಪ್ಪ ದಿಕ್ಕುತೋಚದೆ ತಾನೇ ಎಲೆ ಅಡಿಕೆ ಹಿಡಿದು ಸೂಲಗಿತ್ತಿಯ ಮುಂದೆ ನಿಂತ. ಗಂಡನೇ ಬಂದು ಕರೆಯುವುದು ಆ ಊರಲ್ಲಿ ಕೇಳರಿಯದ ಮಾತು. ಚಿಕ್ಕಬೋರಮ್ಮ ಕೈ ಹಿಂದಕ್ಕೆಳೆದುಕೊಂಡಳು.

"ನಾಳೆ ಎಚ್ಚುಕಮ್ಮಿ ಆದ್ರೆ ಅವಳ ತವರೋರು ನನ್ನ ಕೇಳ್ತಾರೆ ಕಣಪ್ಪ. ತಾಯಿ ಅಂತ ಯಾರಾನಾ ಒಬ್ಳು ಎಂಗ್ಸುನ್ನ ಕರ್ಕಂಡ್ ಬಾ, ಬತ್ತೀನಿ."

ಅವನು ಮನೆ ಮನೆ ಸುತ್ತಿದ. ಒಬ್ಬಳಿಗೆ ವ್ರತ, ಒಬ್ಬಳ ಗಂಡ ಊರಲ್ಲಿಲ್ಲ, ಇನ್ನೊಬ್ಬಳಿಗೆ ಪರದೇಶದವರ ಉಸಾಬರಿಯೇ ಬೇಡ. ಅಷ್ಟರಲ್ಲಿ ಸೋಮಮ್ಮ ಒಬ್ಬಳೇ ಹೆತ್ತಿದ್ದಳು. ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಬಿಡಿಸಲು ಅವಳ ಕೈ ಎಟುಕಲಿಲ್ಲ. ಹೆಣ್ಣು ಮಗು, ಅಳಲೇ ಇಲ್ಲ.

ಸುದ್ದಿ ಹಬ್ಬುತ್ತಲೇ ಊರ ಹೆಂಗಸರೆಲ್ಲ ಬಂದರು. ಸಾವಿನ ಮನೆಗೆ ಯಾರೂ ಕರೆಯಬೇಕಾಗಿಲ್ಲವಲ್ಲ. ಎಲ್ಲರಿಗಿಂತ ಮುಂದೆ ಚಿಕ್ಕಬೋರಮ್ಮ. ಒಲೆ ಹೊತ್ತಿಸಿ, ನೀರು ಕಾಯಿಸಿ ಎಂದು ಗದರಿಸುತ್ತ ಒಳಗೆ ಬಂದು, ತೊಳೆಯಲೆಂದು ಮಗುವಿಗೆ ಕೈ ಚಾಚಿದಳು. ಸೋಮಮ್ಮ ಕೊಡಲಿಲ್ಲ.

"ಇದುಕ್ಕೆ ನಿನ್ನ ಯಾರವ್ವ ಕರುದ್ರು?" ಎಂದು ಕೇಳಿದಳು.

ಚಿಕ್ಕಬೋರಮ್ಮ ಚಾಚಿದ ಕೈ ಹಾಗೆಯೇ ಇಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು.