ಕರಾರಿನ ಒಂಬತ್ತನೇ ಷರತ್ತು

ಹರಿಹರೇಶ್ವರನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಸ್ವಾಮಿಯ ಕೃಪೆಯ ಅನುಭವಗಳನ್ನು ಬರೆಯುವವರು ಸಾಮಾನ್ಯವಾಗಿ ಕಣ್ಣೀರಿನಲ್ಲಿ ಬರೆಯುತ್ತಾರೆ. ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ನಾನು ಬೇಡಿಕೊಂಡದ್ದನ್ನು ಸ್ವಾಮಿ ಒಂದು ಗಂಟೆಯೊಳಗೆ ನಡೆಸಿಕೊಟ್ಟ. ಆ ಬೇಡಿಕೆ ಏನಾಗಿತ್ತೆಂದು ಹೇಳಲು ಇವತ್ತಿಗೂ ನಾಲಿಗೆ ಹಿಂಜರಿಯುತ್ತದೆ. ಆದರೂ ಹೇಳಿಬಿಡುತ್ತೇನೆ. ಒಬ್ಬ ಮುದುಕಿ ನನ್ನ ಮನೆಯಲ್ಲಿ ಸಾಯಬಾರದು ಎಂದು ನಾನು ಬೇಡಿಕೊಂಡಿದ್ದೆ.

ನನ್ನ ಹೆಸರು ಶಶಿಕಲಾ. ವಯಸ್ಸು ನಲವತ್ತಾರು. ಮದುವೆಯಾಗಿಲ್ಲ, ಆ ವಿಚಾರಕ್ಕೆ ಇಲ್ಲಿ ಜಾಗವಿಲ್ಲ. ಹದಿನೆಂಟು ವರ್ಷ ಹೈದರಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ ದುಡಿದು, ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಸಂಬಳ ಕೇಳಿದವರು ಎಷ್ಟು ಎಂದು ಇನ್ನೊಮ್ಮೆ ಕೇಳುತ್ತಿದ್ದರು. ಆದರೆ ಆ ಸಂಬಳದ ಹಿಂದೆ ಹಗಲು ರಾತ್ರಿ ಬಡಿದುಕೊಳ್ಳುವ ಫೋನಿತ್ತು, ತಿಂಗಳಿಗೊಬ್ಬ ತನಿಖೆಯವನಿದ್ದ. ನಮ್ಮ ವಿಭಾಗದಲ್ಲಿ ದಾಖಲೆಯೇ ದೇವರು. ಬರೆದದ್ದು ತಪ್ಪಾದರೆ ಗೀಚಿ ಹಾಕುವಂತಿಲ್ಲ, ಬಿಳಿ ಹಚ್ಚುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ತಾರೀಖು ಬರೆಯಬೇಕು. ಕೆಳಗಿರುವ ತಪ್ಪು ಯಾವತ್ತೂ ಓದಲು ಸಿಗುವಂತಿರಬೇಕು.

ಒಂದು ದಿನ ಕಾರಿಡಾರಿನಲ್ಲಿ ತಲೆ ತಿರುಗಿ ಬಿದ್ದೆ. ಎದ್ದ ಮೇಲೆ ನಾನು ಮೊದಲು ಕೇಳಿದ್ದು ಫೋನ್ ಎಲ್ಲಿ ಎಂದು. ಅವತ್ತೇ ತೀರ್ಮಾನಿಸಿದೆ. ಇದ್ದ ಉಳಿತಾಯಕ್ಕೆ ಬ್ಯಾಂಕಿನ ಸಾಲ ಸೇರಿಸಿ, ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಾಲ್ಕು ಮನೆಗಳಿರುವ ಒಂದು ಕಟ್ಟಡ ಕೊಂಡೆ. ಕೆಳಗೆ ಒಂದರಲ್ಲಿ ನಾನು, ಉಳಿದ ಮೂರು ಬಾಡಿಗೆಗೆ. ಯಾರ ಗಂಟೆಗೂ ಓಡದೆ, ಬಾಡಿಗೆಯಲ್ಲಿ ಬದುಕುತ್ತೇನೆ, ಸ್ವತಂತ್ರಳಾಗಿರುತ್ತೇನೆ ಎಂದು ಎಲ್ಲರೆದುರು ಎದೆ ತಟ್ಟಿ ಹೇಳಿದ್ದೆ.

ಊರಿನಲ್ಲಿ ನಕ್ಕವರಿಗೆ ಲೆಕ್ಕವಿಲ್ಲ. ನಗದೆ ನನ್ನ ಪರವಾಗಿ ನಿಂತವರು ಚಿಕ್ಕಪ್ಪ ಮಹಾರುದ್ರಪ್ಪ ಒಬ್ಬರೇ. ಜವಳಿ ವ್ಯಾಪಾರದಲ್ಲಿ ಗಳಿಸಿ ಏಳೆಂಟು ಬಾಡಿಗೆ ಮನೆ ಮಾಡಿದವರು. ಹಣೆಯ ವಿಭೂತಿ, ಕೊರಳಿನ ಲಿಂಗ ಒಂದು ದಿನವೂ ತಪ್ಪಿದ್ದಲ್ಲ. ಬಾಡಿಗೆ ಕರಾರು ಪತ್ರದ ನಮೂನೆಯನ್ನು ಕೊಟ್ಟವರೂ ಅವರೇ. "ಮೂವತ್ತು ವರ್ಷದಿಂದ ಇದನ್ನ ಬಳಸ್ತೀನವ್ವಾ, ಒಂದಕ್ಷರ ಕೈ ಹಚ್ಚಬ್ಯಾಡ" ಎಂದಿದ್ದರು. ಅದರ ಒಂಬತ್ತನೇ ಷರತ್ತು ಹೀಗಿತ್ತು: "ಬಾಡಿಗೆದಾರರ ಕುಟುಂಬದಲ್ಲಿ ಯಾರಾದರೂ ಮರಣಾಸನ್ನರಾದಲ್ಲಿ ಅವರನ್ನು ಬೇರೆಡೆಗೆ ಸ್ಥಳಾಂತರಿಸತಕ್ಕದ್ದು." ಹದಿನೆಂಟು ವರ್ಷ ದಾಖಲೆಗಳಲ್ಲಿ ಅಲ್ಪವಿರಾಮ ಹುಡುಕಿದವಳು ನಾನು. ಈ ಸಾಲನ್ನು ಓದಿದೆ, ಮುದ್ರಿಸಿದೆ, ಮೂರು ಮನೆಯವರಿಂದಲೂ ಸಹಿ ಮಾಡಿಸಿಕೊಂಡೆ.

ನಮ್ಮ ಕಡೆಯ ಬಾಡಿಗೆ ಮನೆಯವರಿಗೆ ಈ ಷರತ್ತು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಮನೆಯೊಳಗೆ ಯಾರಾದರೂ ತೀರಿಕೊಂಡರೆ ಆ ಮನೆಗೆ ಮೂರು ತಿಂಗಳೋ ಆರು ತಿಂಗಳೋ ಬೀಗ. ಬೀಗ ತೆಗೆದ ಮೇಲೂ ಸುದ್ದಿ ಕೇಳಿದವರು ಆ ಬೀದಿಗೇ ಬರುವುದಿಲ್ಲ. ಅದಕ್ಕೆ ಸಾಯುವವರನ್ನು ಮೊದಲೇ ಹೊರಗೆ ಕಳಿಸುವುದು ಮಾಲೀಕರ ಜಾಣತನ.

ಮಹಡಿಯ ಒಂದು ಮನೆಯಲ್ಲಿ ಕಾಲೇಜು ಹುಡುಗಿಯರು, ಇನ್ನೊಂದರಲ್ಲಿ ಒಂದು ಸಂಸಾರ. ಕೆಳಗೆ ನನ್ನ ಪಕ್ಕದ ಮನೆಯಲ್ಲಿದ್ದವನು ಮಂಜಪ್ಪ, ಬಟ್ಟೆ ಅಂಗಡಿಯಲ್ಲಿ ಕೆಲಸ. ಹೆಂಡತಿ ರೇಣುಕಾ, ತಾಯಿ ದ್ಯಾಮವ್ವ. ಅವರ ಊರು ಹರಿಹರ ತಾಲ್ಲೂಕಿನ ಸಾರಥಿ. ಎರಡು ವರ್ಷ ನನ್ನ ಬಾಗಿಲಿಗೂ ಸೇರಿಸಿ ಬೆಳಿಗ್ಗೆ ನೀರು ಹಾಕಿದವಳು ಆ ಮುದುಕಿ. ಬೇಡವೆಂದರೆ "ನೀರು ನಿಮ್ಮಪ್ಪಂದಾ?" ಎಂದು ನನ್ನನ್ನೇ ಗದರುತ್ತಿದ್ದಳು. ಕಳೆದ ವರ್ಷ ಗಣಪತಿ ಹಬ್ಬ ಮುಗಿದ ವಾರ ಅವಳ ಮೂತ್ರಪಿಂಡ ಎರಡೂ ಕೈಕೊಟ್ಟವು. ಆಸ್ಪತ್ರೆಯವರು ಸೋಮವಾರ ಡಿಸ್ಚಾರ್ಜ್ ಚೀಟಿ ಬರೆದು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಹಾಗೆಂದರೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆಯೇ ಚಿಕ್ಕಪ್ಪ ಪಂಚಾಂಗ ಹಿಡಿದು ಬಂದರು. "ನಾಳೆ ಸಂಜೀಗೆ ಧನಿಷ್ಠಾ ಪಂಚಕ ಹತ್ತತೈತೆ. ಐದು ದಿನ. ಅಷ್ಟರಾಗ ಮುದುಕಿ ಹೋದ್ಳು ಅಂದ್ರೆ ಆರು ತಿಂಗಳು ಮನಿ ಬಂದ್. ಮ್ಯಾಲಿನೋರೂ ಬಿಡ್ತಾರ. ಬ್ಯಾಂಕಿನೋರು ನಕ್ಷತ್ರ ನೋಡ್ತಾರೇನು? ಮತ್ತ ಹೈದರಾಬಾದಿಗೆ ಹೋಗಿ ನಿಲ್ಲಬೇಕಾಕ್ಕತಿ ನೀನು."

ನಾನು ಬಾಯಿ ತೆರೆಯುವ ಮೊದಲೇ ಅವರು ಪಕ್ಕದ ಬಾಗಿಲಿಗೆ ಹೋಗಿ ನಿಂತಿದ್ದರು. "ಏನಪಾ ಮಂಜಪ್ಪ, ಒಂಬತ್ತನೇದು ಓದಿಕೆಂಡೇ ಸಹಿ ಹಾಕೀಯಲ್ಲ?"

ಒಳಗೆ ಮಲಗಿದ್ದವಳಿಗೆ ಕೇಳಿಸುವಷ್ಟು ಜೋರಾಗಿಯೇ ಕೇಳಿದರು. ಮಂಜಪ್ಪ ತಲೆ ತಗ್ಗಿಸಿ ನಿಂತ. ನನ್ನ ಕಡೆ ಒಮ್ಮೆ ನೋಡಿದ. ನಾನು ಏನೂ ಹೇಳಲಿಲ್ಲ. ಚಿಕ್ಕಪ್ಪನ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ಆ ಮೌನದ ಮೇಲಿದೆ.

ಬುಧವಾರ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಆಧಾರ್ ಕಾರ್ಡು ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಲಕ್ಷಗಳ ಸಂಬಳ ಬಿಟ್ಟು ಬಂದವಳಿಗೆ ಸರಿಯಾದ ಟಿಕೆಟ್ ಎಂದುಕೊಂಡೆ. ಗಂಟೆಗೆ ಓಡುವುದು ಬೇಡವೆಂದು ಬಂದವಳು ಈಗ ನಕ್ಷತ್ರಕ್ಕೆ ಓಡುತ್ತಿದ್ದೆ. ಇದೇನು ಸ್ವಾತಂತ್ರ್ಯ?

ಗರ್ಭಗುಡಿಯ ಮುಂದೆ ನಿಂತೆ. ಒಂದು ಮೈಯಲ್ಲಿ ಹರನೂ ಹರಿಯೂ ಹೊಂದಿಕೊಂಡು ನಿಂತಿದ್ದಾರೆ, ನನಗೆ ಒಂದು ಗೋಡೆಯ ಆಚೆಯವಳ ಜೊತೆ ಹೊಂದಲು ಆಗುತ್ತಿಲ್ಲ. ಆದರೂ ಕೈ ಮುಗಿದು ಕೇಳಿದೆ. "ಸ್ವಾಮಿ, ನನ್ನ ಮನೆಯಲ್ಲಿ ಬೇಡ. ಎಲ್ಲಾದರೂ ಆಗಲಿ, ನನ್ನ ಮನೆಯಲ್ಲಿ ಬೇಡ." ಕಾಯಿ ಒಡೆಸಿದೆ. ಕಾಯಿ ಚೆನ್ನಾಗಿಯೇ ಒಡೆಯಿತು.

ಹೊರಗೆ ಬಂದು ಕಂಬಕ್ಕೊರಗಿ ಕೂತು ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದಾಗ ರೇಣುಕಾ ಫೋನ್ ಮಾಡಿದಳು. "ಅಕ್ಕಾರ, ಬೀಗದ ಕೈ ಮ್ಯಾಲಿನ ಹುಡುಗೇರ ಹತ್ರ ಕೊಟ್ಟೀವ್ರಿ. ಅತ್ತೀನ ಊರಿಗೆ ಕರಕೊಂಡು ಬಂದ್ವಿ, ಈಗ ಸಾರಥಿ ಮುಟ್ಟಿದ್ವಿ. ನೀವೇನು ಚಿಂತಿ ಮಾಡಬ್ಯಾಡ್ರಿ." ಹಿಂದೆ ಮುದುಕಿ ನರಳುವುದು ಕೇಳುತ್ತಿತ್ತು. ರೇಣುಕಾ ನನಗೆ ಧೈರ್ಯ ಹೇಳುತ್ತಿದ್ದಳು.

ನನ್ನ ಪ್ರಾರ್ಥನೆ ಈಡೇರಿತ್ತು. ಬಾಳೆಹಣ್ಣನ್ನು ಹಾಗೇ ಬಿಟ್ಟು ಎದ್ದೆ. ತಿರುಗಿ ಒಳಗೆ ಹೋಗಿ ದೇವರನ್ನೇ ಬೈದೆ. ಹೌದು, ಬೈದೆ. "ಕೇಳಿದ ಎಷ್ಟೋ ಒಳ್ಳೆಯದನ್ನು ಕೊಡದೆ ಕೂತವನು, ಇದನ್ನು ಮಾತ್ರ ಇಷ್ಟು ಬೇಗ ಕೊಟ್ಟೆಯಾ? ಈಗ ಅವಳನ್ನು ವಾಪಸ್ ಕೊಡು" ಎಂದೆ. ಅರ್ಚಕರು ನನ್ನನ್ನೇ ನೋಡುತ್ತಿದ್ದರು. ಅಲ್ಲಿಂದಲೇ ಆಟೋ ಹಿಡಿದು ಸಾರಥಿಗೆ ಹೊರಟೆ.

ಸಾರಥಿಯಲ್ಲಿ ಕಂಡದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ದ್ಯಾಮವ್ವನನ್ನು ಹಿರಿಯ ಮಗನ ಮನೆಯೊಳಗೆ ಬಿಟ್ಟುಕೊಂಡಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಮೇಲೆ ಗೊಬ್ಬರದ ಚೀಲ ಬಿಚ್ಚಿ ಹೊಲಿದ ತಾಡಪಾಲು ಕಟ್ಟಿದ್ದರು. ಮಂಜಪ್ಪ ಪಕ್ಕದಲ್ಲಿ ಕೂತು ನೊಣ ಹೊಡೆಯುತ್ತಿದ್ದ. ಹೆತ್ತ ತಾಯಿಗೆ ಹೊಸ್ತಿಲು ದಾಟಲು ಅಪ್ಪಣೆ ಇರಲಿಲ್ಲ. ನಾನು ಆಟೋದಿಂದ ಇಳಿದವಳೇ ಹಿರಿಯ ಮಗನ ಮೇಲೆ ಹರಿಹಾಯ್ದೆ.

ಅವನು ಸಮಾಧಾನವಾಗಿಯೇ ಕೇಳಿಸಿಕೊಂಡ. ಆಮೇಲೆ ಅಂದ, "ಮನಿ ಮಾಲಕರು ಅಂದ್ರೆ ನೀವೇ ಅಲ್ಲೇನ್ರಿ? ನಾವು ಪಂಚಕ ಕಳದ ಮ್ಯಾಲೆ ಒಳಗೆ ಕರಕಂತೀವಿ. ನೀವು ಕಾಗದದಾಗೆ ಬರಸಿಕೆಂಡು ಹೊರಗೆ ಹಾಕೀರಿ. ನಮಗ್ಯಾಕ ಬೈತೀರಿ?"

ಚಾಪೆಯ ಪಕ್ಕ ಕೂತು, "ದ್ಯಾಮವ್ವಾ, ಏಳು, ಮನೆಗೆ ಹೋಗೋಣ" ಎಂದೆ.

ಕಣ್ಣು ತೆರೆದು ಗುರುತು ಹಿಡಿದಳು. "ಬ್ಯಾಡ ಬಿಡವ್ವಾ. ನಿನ್ನ ಹೊಟ್ಟಿ ಮ್ಯಾಲೆ ಹೊಡದು ಸಾಯಾಕ ನಾ ಬರಲ್ಲ."

ಮಂಜಪ್ಪ ಹೇಳಿದ, ರೇಣುಕಾ ಹೇಳಿದಳು, ಕೇಳಲಿಲ್ಲ. ನಾನು ಕಾಲು ಹಿಡಿದೆ. ಮನಸ್ಸಿನಲ್ಲಿ ಒಂದೇ ಬೇಡಿಕೆ. ಸ್ವಾಮಿ, ಇವಳು ಒಂದು ಸಲ ಹೂಂ ಅನ್ನಲಿ, ಇನ್ನು ನಿನ್ನ ಹತ್ತಿರ ಏನೂ ಕೇಳುವುದಿಲ್ಲ. ತಾಡಪಾಲಿನ ಕೆಳಗೆ ಸೆಖೆ ಕುದಿಯುತ್ತಿತ್ತು.

ಆಮೇಲೆ ದ್ಯಾಮವ್ವ ಕೇಳಿದಳು, "ಅಲ್ಲಿ ಫ್ಯಾನು ತಿರುಗತೈತಲ್ಲ?"

"ತಿರುಗ್ತದೆ."

"ಹಂಗಾರ ನಡೀರಿ. ಇಲ್ಲಿ ಸತ್ತರೆ ನೊಣಾನೇ ಹೊತ್ಕೊಂಡು ಹೋಗ್ತಾವ."

ಅಳುತ್ತಿದ್ದ ರೇಣುಕಾ ನಕ್ಕುಬಿಟ್ಟಳು. ಒಂದು ಟೆಂಪೋ ಮಾಡಿಕೊಂಡು, ಹಾಸಿಗೆ ಹಾಸಿ, ಹಳ್ಳ ದಿಣ್ಣೆ ಬಂದಾಗಲೆಲ್ಲ ನಿಧಾನ ಮಾಡಿಸುತ್ತಾ ದಾವಣಗೆರೆಗೆ ಬಂದೆವು. ಮನೆ ಮುಟ್ಟಿದಾಗ ಸಂಜೆ ದೀಪ ಹಚ್ಚುವ ಹೊತ್ತು. ಪಂಚಾಂಗದ ಪ್ರಕಾರ ಪಂಚಕ ಹತ್ತಿತ್ತು. ಮೇಲಿನ ಮನೆಯ ಹುಡುಗಿಯರು ಇಳಿದು ಬಂದು ಕೈ ಹಚ್ಚಿ ಒಳಗೆ ಮಲಗಿಸಿದರು. ನಾನೇ ಫ್ಯಾನು ಹಾಕಿದೆ.

ಗುರುವಾರ ಚಿಕ್ಕಪ್ಪ ಬಂದು ಹೊರಗೇ ನಿಂತು ಕೂಗಾಡಿದರು. ನಾನೂ ಬಿಡಲಿಲ್ಲ. "ಅಪ್ಪ ಲಿಂಗೈಕ್ಯರಾದಾಗ ನೀವೇ ಹೇಳಿದ್ರಿ, ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ನಾಳೆಯಿಂದ ಕೆಲಸಕ್ಕೆ ಹೋಗು ಅಂತ. ನಾನು ಹೋದೆ. ಸಂಬಳ ಬರುವಾಗ ಇಲ್ಲದ ಸೂತಕ ಬಾಡಿಗೆಗೆ ಹೇಗೆ ಬಂತು?"

"ಅದು ಬ್ಯಾರೆ, ಇದು ಬ್ಯಾರೆ" ಅಂದರು.

"ಹೇಗೆ ಬೇರೆ, ಹೇಳಿ."

ಅವರು ಬೆನ್ನು ತಿರುಗಿಸಿ ಹೋದರು. ಅವತ್ತಿನಿಂದ ಇವತ್ತಿನವರೆಗೆ ನನ್ನ ಮನೆಯಲ್ಲಿ ನೀರು ಮುಟ್ಟಿಲ್ಲ.

ದ್ಯಾಮವ್ವ ತೀರಿಕೊಂಡಿದ್ದು ಹುಣ್ಣಿಮೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಪಂಚಕದ ನಟ್ಟನಡುವೆ, ಫ್ಯಾನಿನ ಕೆಳಗೆ. ಮಂಜಪ್ಪ ಬಾಯಿಗೆ ನೀರು ಬಿಟ್ಟ. ನಾನು ವಿಭೂತಿ ಹಚ್ಚಿದೆ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಅಷ್ಟು ಮಾತ್ರ ಖಚಿತವಾಗಿ ಹೇಳಬಲ್ಲೆ. ಮಣ್ಣು ಮುಗಿಸಿ ಬಂದ ಮೇಲೆ ಮಂಜಪ್ಪ, "ಬೀಗ ಹಾಕ್ಲೇನ್ರಿ ಅಕ್ಕಾರ?" ಎಂದು ಕೇಳಿದ. ದೀಪ ಹಚ್ಚು ಎಂದೆ.

ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಮಹಡಿಯ ಒಂದು ಮನೆಯವರು ವಾರದಲ್ಲೇ ಸಾಮಾನು ಕಟ್ಟಿದರು. ಎರಡು ತಿಂಗಳು ಆ ಬಾಗಿಲಿಗೆ ಯಾರೂ ಬರಲಿಲ್ಲ. ಬರುವವರಿಗೆ ಬೀದಿಯ ತುದಿಯಲ್ಲೇ ಯಾರಾದರೂ ಕಥೆ ಹೇಳಿ ಕಳಿಸುತ್ತಿದ್ದರು. ಹೈದರಾಬಾದಿನ ಹಳೆಯ ಕಂಪನಿಯಿಂದ ಫೋನ್ ಬಂತು, ವಾಪಸ್ ಕೆಲಸಕ್ಕೆ ಬರುತ್ತೀರಾ, ಶುಕ್ರವಾರದೊಳಗೆ ತಿಳಿಸಿ ಎಂದರು. ಇನ್ನೇನೂ ಕೇಳುವುದಿಲ್ಲವೆಂದು ಸ್ವಾಮಿಗೆ ಮಾತು ಕೊಟ್ಟಿದ್ದೆನಲ್ಲ, ಹಾಗಾಗಿ ಕೇಳಲಿಲ್ಲ. ಸೂಟ್‌ಕೇಸಿನ ಧೂಳು ಒರೆಸಿದೆ.

ಗುರುವಾರ ಸಂಜೆ ಮೇಲಿನ ಹುಡುಗಿಯರಲ್ಲಿ ಒಬ್ಬಳು, ಕೋಲಾರದ ಕಡೆಯವಳು, ಮೆಡಿಕಲ್ ಓದುವವಳು, ನಾಲ್ಕು ಗೆಳತಿಯರನ್ನು ಕರೆದುಕೊಂಡು ಬಂದಳು. "ಅಕ್ಕ, ಇವರಿಗೆ ಆ ಖಾಲಿ ಮನೆ ಬೇಕಂತೆ."

ಮುಚ್ಚಿಡುವುದು ಬೇಡವೆಂದು ನಾನೇ ಹೇಳಿದೆ. "ಕೆಳಗಿನ ಮನೇಲಿ ಒಬ್ಬರು ತೀರಿಕೊಂಡಿದ್ದಾರಮ್ಮ, ಪಂಚಕದಲ್ಲಿ."

ಅವರಲ್ಲೊಬ್ಬಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಾವು ದಿನಾ ಬೆಳಿಗ್ಗೆ ಹೆಣದ ಮುಂದೇನೇ ನಿಂತು ಪಾಠ ಕೇಳೋದಲ್ವಾ ಅಕ್ಕ? ನೀರು ಬರುತ್ತಾ, ಅದು ಹೇಳಿ."

ಸ್ವಾಮಿಯನ್ನು ನಾನು ಕೇಳದೆಯೇ ಬಂದ ವರ ಅದು. ಕೇಳಿದ್ದರೆ ಇಷ್ಟು ಚೆನ್ನಾಗಿ ಕೇಳಲು ನನಗೆ ಬರುತ್ತಲೂ ಇರಲಿಲ್ಲ. ಶುಕ್ರವಾರ ಕಂಪನಿಗೆ ಬರುವುದಿಲ್ಲವೆಂದು ತಿಳಿಸಿ, ಹರಿಹರಕ್ಕೆ ಹೋಗಿ ಸುಮ್ಮನೆ ಕೈ ಮುಗಿದು ಬಂದೆ. ನನ್ನ ಮೊದಲ ಬೇಡಿಕೆಯನ್ನು ಸ್ವಾಮಿ ಈಡೇರಿಸಿದ್ದು ನನ್ನ ಮುಖ ನನಗೆ ತೋರಿಸಲಿಕ್ಕೆ ಎಂದು ಈಗ ನಂಬಿದ್ದೇನೆ. ಅವನ ಮೇಲಿನ ಸಿಟ್ಟು ಇಳಿದಿದೆ, ನನ್ನ ಮೇಲಿನದು ಇಳಿದಿಲ್ಲ.

ಹೊಸ ಹುಡುಗಿಯರಿಗೆ ಕೊಡುವ ಕರಾರಿಗೆ ಹೊಸ ಕಾಗದ ಮುದ್ರಿಸಬಹುದಿತ್ತು, ಆ ಸಾಲೇ ಇರದ ಹಾಗೆ. ಮುದ್ರಿಸಲಿಲ್ಲ. ಹಳೆಯದನ್ನೇ ತೆಗೆದು ಒಂಬತ್ತನೇ ಷರತ್ತಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ದ್ಯಾಮವ್ವ ಹೋದ ದಿನದ ತಾರೀಖು ಬರೆದೆ. ಓದಿ ನೋಡಿದ ಹುಡುಗಿ, "ಇದೇನಕ್ಕ, ಹೊಡೆದು ಹಾಕಿದ್ರೂ ಓದೋಕೆ ಬರುತ್ತಲ್ಲ?" ಎಂದಳು.

"ಓದಲಿ ಅಂತಲೇ ಬಿಟ್ಟಿದ್ದೀನಿ" ಎಂದೆ.