ಆಯಿ ತೊಳೆದ ಬಾಟಲಿಗಳು

ಔಷಧದ ಬಾಟಲಿಯ ಮೇಲೆ ಕಂಪೌಂಡರು ಉದ್ದನೆಯ ಕಾಗದದ ಪಟ್ಟಿಯೊಂದನ್ನು ಅಂಟಿಸುತ್ತಿದ್ದರು. ಅದರ ಅಂಚಿಗೆ ಕತ್ತರಿಯಿಂದ ಮಾಡಿದ ಕಚ್ಚುಗಳು. ಒಂದು ಕಚ್ಚಿನಿಂದ ಇನ್ನೊಂದಕ್ಕೆ ಒಂದು ಹೊತ್ತಿನ ಔಷಧ. ಬಾಟಲಿಯನ್ನು ಮಾತ್ರ ರೋಗಿಯೇ ಮನೆಯಿಂದ ತರಬೇಕು. ಆಗಿನ ದವಾಖಾನೆಗಳಲ್ಲೆಲ್ಲ ಇದೇ ರೂಢಿ.

ನಾನು ಪುಣೆಯಲ್ಲಿ ಬಿ.ಎ. ಮುಗಿಸಿ ಬೆಳಗಾವಿಗೆ ಮರಳಿದ ವರ್ಷ ಅದು. ಖಾನಾಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವಳ ಕಣ್ಣಿನ ಔಷಧಕ್ಕೆಂದು ದವಾಖಾನೆಯಲ್ಲಿ ನಿಂತಾಗ, ನನ್ನ ಮುಂದೆ ಒಬ್ಬ ಹೆಂಗಸು ಹಿತ್ತಾಳೆಯ ತಂಬಿಗೆ ಚಾಚಿದಳು. ಕಂಕುಳಲ್ಲಿ ಎಳೆಯ ಕೂಸು.

"ತಂಬಿಗ್ಯಾಗ ಹಾಕಾಕ ಬರೂದಿಲ್ಲವಾ, ಕಿಲುಬು ಹಿಡೀತದ. ಬಾಟ್ಲಿ ತಗೊಂಡು ಬಾ," ಎಂದರು ಕಂಪೌಂಡರು.

"ಎಲ್ಲಿಂದ ತರ್ಲಿರೀ? ಮನಿಗೇ ಕೀಲಿ ಬಿದ್ದದ."

ಅವಳ ಊರು ಕಾಡಿನ ಮಗ್ಗುಲಿನದು. ಅಲ್ಲಿ ಇಲಿ ಸತ್ತು ಬಿದ್ದು, ಪ್ಲೇಗಿನ ಭಯಕ್ಕೆ ಊರಿಗೆ ಊರೇ ಹೊರಬಿದ್ದು, ಖಾನಾಪುರದ ಹೊಳೆಯಾಚೆಯ ಹೊಲದಲ್ಲಿ ಝೋಪಡಿ ಹಾಕಿಕೊಂಡಿತ್ತು. ಮನೆಯೊಳಗಿನ ಸಾಮಾನು ತರಲು ಅಪ್ಪಣೆಯಿರಲಿಲ್ಲ. ಪ್ಲೇಗು ಅವರನ್ನು ಬಿಟ್ಟಿತ್ತು, ಹೊಳೆದಂಡೆಯ ಚಳಿಜ್ವರ ಹಿಡಿದಿತ್ತು. ಇವಳಿಗೆ ದಿನ ಬಿಟ್ಟು ದಿನ ಜ್ವರ. ಎದೆಯ ಹಾಲು ಬತ್ತುತ್ತಿತ್ತು. ಝೋಪಡಿಯವರಿಗೆ ಹಾಲು ಮಾರಲು ಊರಿನವರು ಹೆದರುತ್ತಿದ್ದರು.

ಕಂಪೌಂಡರು ಒಂದು ಹೊತ್ತಿನ ಔಷಧವನ್ನು ಅಲ್ಲೇ ಕುಡಿಸಿ, "ನಾಳಿಗೆ ಮತ್ತ ಬಾ," ಎಂದರು.

"ನಾಳೆ ಚಳಿ ಬರೂ ದಿನಾರೀ. ಎದ್ದು ನಿಂದರಾಕ ಆಗೂದಿಲ್ಲ."

ಚಿಕ್ಕಮ್ಮನ ಮನೆಯಲ್ಲಿದ್ದದ್ದು ಒಂದೇ ಬಾಟಲಿ, ಅದರಲ್ಲಿ ಅವಳದೇ ಔಷಧ. ಮರುದಿನ ಬೆಳಗಾವಿಗೆ ಹೋದೆ. ದಂಡಿನ ಸಿಪಾಯಿಗಳಿದ್ದ ಕ್ಯಾಂಪಿನ ಬಾಟಲಿ ವ್ಯಾಪಾರಿಯ ಬಳಿ ಇದ್ದವೆಲ್ಲ ದಾರೂ ಬಾಟಲಿಗಳೇ. ಆರು ಕೊಂಡು ಮನೆಗೆ ತಂದೆ. ನಮ್ಮದು ಜೈನರ ಮನೆ, ಈರುಳ್ಳಿ ಕೂಡ ಹೊಸ್ತಿಲು ದಾಟುತ್ತಿರಲಿಲ್ಲ. ಅಜ್ಜಿ ಬಾಗಿಲಲ್ಲೇ ತಡೆದಳು.

"ಬಿ.ಎ. ಆಗಿ ಬಂದಾಳ, ದಾರೂ ಬಾಟ್ಲಿ ಹೊತ್ತಾಳ! ಕನ್ಯಾ ನೋಡಾಕ ಬಂದವ್ರು ಕಂಡ್ರ ತಿರುಗಿ ಓಡ್ತಾರ."

"ಓಡ್ಲಿ ಬಿಡು ಆಯಿ. ಇವನ್ನ ತೊಳೀಬೇಕು."

"ಯಾರಿಗೆ?"

ಹೇಳಿದೆ. ಕೂಸಿನ ಸಂಗತಿ ಕೇಳಿ ಬಾಗಿಲು ಬಿಟ್ಟು ಸರಿದಳು. ಸ್ವಲ್ಪ ಹೊತ್ತಿಗೆ ಹಿತ್ತಲಿಗೆ ಬಂದು ನನ್ನ ಕೈಯ ಬೂದಿ ಕಸಿದುಕೊಂಡು, "ಸರಿ ಆಕಡೆ. ಇದೇನು ತೊಳಿಯೂ ರೀತಿ?" ಎಂದಳು. ಬೂದಿ, ಹುಣಸೆಹಣ್ಣು, ಬಿಸಿನೀರು; ಒಳಗೆ ಸಣ್ಣ ಹರಳುಕಲ್ಲು ಹಾಕಿ ಕುಲುಕಿದಳು. ಒಂದೊಂದನ್ನೂ ಮೂಸಿ ನೋಡಿ, ಎರಡನ್ನು ಮತ್ತೆ ತೊಳೆದಳು.

ಮಾರನೆಯ ದಿನ ಖಾನಾಪುರಕ್ಕೆ ಮರಳಿ, ಕಂಪೌಂಡರು ತುಂಬಿಕೊಟ್ಟ ಬಾಟಲಿ ಹಿಡಿದು ಝೋಪಡಿಗೆ ಹೋದೆ. ಆ ಹೆಂಗಸು ಗೋಡೆಯ ತಟ್ಟಿಗೆ ಒರಗಿ ಕುಳಿತಿದ್ದಳು. ಅವಳ ಅತ್ತೆ ಬಾಟಲಿಯನ್ನು ಇಸಿದುಕೊಂಡು, ತಿರುಗಿಸಿ ನೋಡಿ, ನೆಲಕ್ಕಿಟ್ಟಳು.

"ಇದು ದಾರೂ ಅಂಗಡೀದು. ನನ್ನ ಗಂಡನ್ನ ನುಂಗಿದ್ದು ಇದ. ಬಾಣಂತಿ ಬಾಯಿಗೆ ಹಚ್ಚಗೊಡೂದಿಲ್ಲ ನಾನು."

ಕ್ವಿನೈನ್ ಏನು ಮಾಡುತ್ತದೆ, ಯಾಕೆ ತಪ್ಪದೆ ಕುಡಿಯಬೇಕು ಎಂದು ಕ್ರಮವಾಗಿ ಹೇಳಿದೆ. ಮುದುಕಿ ನನ್ನ ಮಾತು ಮುಗಿಯುವವರೆಗೆ ಬೇರೆ ಕಡೆ ನೋಡಿದಳು.

"ತೊಳೆದವ್ರು ಯಾರು?"

"ನಮ್ಮ ಆಯಿ."

"ಯಾವ ಮಂದಿ ನೀವು?"

"ಜೈನರು."

"ನೀರು ಸೋಸಿ ಕುಡಿಯೂ ಮಂದಿ?"

"ಹೌದು. ಇದನ್ನ ತೊಳೆದದ್ದೂ ಸೋಸಿದ ನೀರಿಲೇ."

ಮುದುಕಿ ಬೂಚು ತೆಗೆದು ಮೂಸಿದಳು. ಸೊಸೆಯ ಕೈಗೆ ಕೊಟ್ಟಳು. "ಹಂಗಾರ ಕುಡಿ. ಮಾರಿ ಕಿವಚಬ್ಯಾಡ, ಕೂಸು ನೋಡಿ ಹೆದರ್ತದ."

ಮುಂದಿನ ಸರದಿಯ ಜ್ವರ ಬಂತು, ಆದರೆ ಬೇಗ ಇಳಿಯಿತು. ಅದರ ನಂತರದ ಸರದಿಗೆ ಚಳಿ ಬರಲಿಲ್ಲ. ಕೂಸು ಅಂದು ಹೊಟ್ಟೆ ತುಂಬ ಕುಡಿಯಿತೋ ಇಲ್ಲವೋ ಹೇಳಲಾರೆ, ಕುಡಿದ ಮೇಲೆ ಅಳದೆ ಮಲಗಿದ್ದನ್ನು ನೋಡಿದೆ.

ಆ ಸಂಜೆ ಮುದುಕಿ ಚಿಕ್ಕಮ್ಮನ ಮನೆಗೆ ಬಂದಳು. ಝೋಪಡಿಯವಳೆಂದು ತಾನೇ ಕಟ್ಟೆ ಹತ್ತದೆ, ರಸ್ತೆಯಲ್ಲೇ ನಿಂತು ಕೂಗಿದಳು. "ಬಾಯಾರ, ನಿಮ್ಮ ಆಯಿ ತೊಳೆದ ಬಾಟ್ಲಿ ಇನ್ನೂ ಅದಾವೇನ್ರೀ? ನಮ್ಮ ಝೋಪಡಿ ಸಾಲಿನ್ಯಾಗ ಬಾಳ ಮಂದಿ ಚಳಿ ಬಂದು ಮಲಗ್ಯಾರ. ಬ್ಯಾರೇವ್ರು ತೊಳೆದದ್ದು ನಮ್ಮ ಮಂದಿ ಒಲ್ಲೆ ಅಂತಾರ."

ಉಳಿದ ಐದೂ ಆಗಲೇ ಅವರ ಸಾಲಿಗೇ ಹೋಗಿದ್ದವು. ನಾಳೆ ತರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಮೊದಲ ಗಾಡಿಗೆ ಬೆಳಗಾವಿಗೆ ಹೋದೆ. ಸ್ಟೇಷನ್ನಿನಿಂದ ನೇರ ಕ್ಯಾಂಪಿಗೆ ನಡೆದು ಬುಟ್ಟಿ ತುಂಬ ಬಾಟಲಿ ಕೊಂಡೆ. ಅಜ್ಜಿ ಇನ್ನೂ ಬಸದಿಯಿಂದ ಬಂದಿರಲಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ, ಒಲೆ ಹೊತ್ತಿಸಿ, ದೊಡ್ಡ ಹಂಡೆಗೆ ನೀರು ಸೋಸಿ ತುಂಬಿಸಿ ಇಟ್ಟೆ. ಬಾಟಲಿಗಳನ್ನು ಮಾತ್ರ ತೊಳೆಯದೆ ಅಜ್ಜಿಗಾಗಿ ಬಿಟ್ಟೆ.