ಕಾಯಿರಾಶಿಯ ಆಚೆಯ ವೈಫೈ

ತವರಿಗೆ ಹೋದ ಹೆಣ್ಣುಮಕ್ಕಳು ಬರುವಾಗ ಸೀರೆ ತರುತ್ತಾರೆ, ಉಪ್ಪಿನಕಾಯಿ ತರುತ್ತಾರೆ. ನಾನು ಹಳೇಬೀಡಿನಿಂದ ಬರುವಾಗ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ತಂದೆ. ಸಿಪಿಯು ಡಬ್ಬ ತೊಡೆಯ ಮೇಲೆ, ಮಾನಿಟರು ಹಳೇ ರಗ್ಗಿನಲ್ಲಿ ಸುತ್ತಿ ಕಿಟಕಿಯ ಪಕ್ಕ. ಅರಸೀಕೆರೆ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಡಬ್ಬವನ್ನು ಕೂಸಿನ ಹಾಗೆ ಅವುಚಿಕೊಳ್ಳುತ್ತಿದ್ದೆ. "ಅದ್ಕೂ ಟಿಕೆಟ್ ಆಗ್ತದೆ ಕಣಕ್ಕ" ಅಂದ ಕಂಡಕ್ಟರ್. ನಾನು ಸುಮ್ಮನೆ ಅವನ ಮುಖ ನೋಡಿದೆ. ಟಿಕೆಟ್ಟಿನ ಮಾತು ಅಲ್ಲಿಗೇ ನಿಂತಿತು. ಬೇಲೂರಿನ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತಿದ್ದ ಕಾಲದಿಂದ ನನಗೆ ಹಾಗೆ ನೋಡುವುದು ಅಭ್ಯಾಸ.

ಮದುವೆಯಾಗಿ ಕಣಕಟ್ಟೆ ಕಡೆಯ ಈ ತೆಂಗಿನ ತೋಟದ ಮನೆಗೆ ಬಂದ ಮೇಲೆ ಬೇಲೂರು ದೂರವಾಯಿತು. ಕೆಲಸ ಬಿಟ್ಟೆ. ಬಿಡು ಅಂತ ಯಾರೂ ಹೇಳಲಿಲ್ಲ, ಬಿಡಬೇಡ ಅಂತಲೂ ಯಾರೂ ಹೇಳಲಿಲ್ಲ. ಪಾಠ ಹೇಳದೆ ನನ್ನ ನಾಲಿಗೆಗೆ ತುಕ್ಕು ಹಿಡಿಯಿತು. ಒತ್ತಡ ಹೆಚ್ಚಾದರೆ ನೀರಿನ ಕುದಿಬಿಂದು ಏಕೆ ಏರುತ್ತದೆ ಎಂದು ಕುಕ್ಕರಿಗೇ ವಿವರಿಸುವ ಸ್ಥಿತಿಗೆ ಬಂದಿದ್ದೆ. ಆಗ ಒಂದು ಟ್ಯೂಷನ್ ಸಂಸ್ಥೆಯವರು, ಮನೆಯಿಂದಲೇ ಸಂಜೆ ಹತ್ತನೇ ತರಗತಿಯ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತೀರಾ ಎಂದು ಕೇಳಿದರು. ಮೊದಲು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಆ ಕೆಲಸ ನನಗೆ ಬೇಕೇಬೇಕಿತ್ತು. ಅದನ್ನು ಹಟ ಅನ್ನಿ, ಆಸೆ ಅನ್ನಿ, ನನಗೇನೂ ಬೇಜಾರಿಲ್ಲ.

ನಮ್ಮ ಮನೆ ಉದ್ದಕ್ಕೆ ಇದೆ. ಮುಂದೆ ಪಡಸಾಲೆ. ಫೈಬರ್ ತಂತಿ ಕಂಬದಿಂದ ಅಲ್ಲಿಗೇ ಬಂದು ಇಳಿದಿದೆ. ವೈಫೈ ಪೆಟ್ಟಿಗೆ ಗೋಡೆಯ ಗೂಡಿನಲ್ಲಿ, ಅದರಿಂದಲೇ ಓಡುವ ಟಿವಿ ಎದುರು ಗೋಡೆಗೆ. ಮನೆಯ ಹಿಂದಿನ ತುದಿಯಲ್ಲಿ ನನ್ನ ಕೋಣೆ. ಎರಡರ ನಡುವೆ ಕೊಬ್ಬರಿ ಮನೆ. ಈ ಸೀಮೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಒಳಗೆ ರಾಶಿ ಹಾಕಿ, ವರ್ಷದ ಹತ್ತಿರ ಹಾಗೇ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಗ ಅದು ಉಂಡೆ ಕೊಬ್ಬರಿ. ಅಲ್ಲಿಯವರೆಗೆ ರಾಶಿಯನ್ನು ಯಾರೂ ಕದಲಿಸಬಾರದು. ಇದು ನಮ್ಮ ಮಾವನವರ ಕಾನೂನು.

ಪಡಸಾಲೆಯಲ್ಲೇ ಕೂತು ಪಾಠ ಮಾಡುವಂತಿರಲಿಲ್ಲ. ಅಲ್ಲಿ ಸಂಜೆಯಾದರೆ ಕೊಬ್ಬರಿ ರೇಟು ಮಾತಾಡುವವರ ಸಭೆ, ಅದರ ಮೇಲೆ ಅತ್ತೆಯ ಧಾರಾವಾಹಿ. ಕೊಬ್ಬರಿ ಮನೆಯ ಒಳಗಿಂದ ವೈರು ಎಳೆಸಿದ್ದಾಯಿತು, ಇಲಿಗಳು ಕಡಿದು ಹಾಕಿದವು. ನಡುವೆ ಸಿಗ್ನಲ್ ದಾಟಿಸುವ ಇನ್ನೊಂದು ಪೆಟ್ಟಿಗೆ ಇಡೋಣವೆಂದರೆ, ಒಣಸಿಪ್ಪೆಯ ಹತ್ತಿರ ಕರೆಂಟು ಸುಳಿಯಬಾರದೆಂಬುದು ಮಾವನ ಎರಡನೇ ಕಾನೂನು. ಅದು ನ್ಯಾಯವೇ. ಕೊನೆಗೆ ಅರಸೀಕೆರೆಗೆ ಹೋಗಿ ಡೆಸ್ಕ್‌ಟಾಪಿಗೆ ಹಾಕುವ ವೈಫೈ ಕಾರ್ಡ್ ತಂದೆ. "ಸಿಪಿಯು ತಗೊಂಬನ್ನಿ ಮೇಡಂ, ನಾವೇ ಹಾಕ್ಕೊಡ್ತೀವಿ" ಅಂದ ಅಂಗಡಿಯವನು. "ಹಾಕೋಕೆ ನಂಗೆ ಬರುತ್ತೆ" ಅಂದೆ. ಬರುತ್ತಿರಲಿಲ್ಲ.

ಕೋಣೆಯ ನೆಲಕ್ಕೆ ಚಾಪೆ ಹಾಸಿ ಸಿಪಿಯುವನ್ನು ಮಗ್ಗುಲಾಗಿ ಮಲಗಿಸಿ ಪಕ್ಕದ ತಗಡು ಬಿಚ್ಚಿದೆ. ಒಳಗೆ ಹಳೇಬೀಡಿನ ಧೂಳು ಪದರ ಪದರವಾಗಿ ಕೂತಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಚೆನ್ನಾಗಿರೋದ್ರ ಹೊಟ್ಟೆ ಯಾಕವ್ವಾ ಬಗೀತಿದೀಯ?" ಅಂದರು. ಮೈಯಲ್ಲಿರುವ ಸ್ಥಾಯೀ ವಿದ್ಯುತ್ತು ಹೋಗಲೆಂದು ನಾನು ಡಬ್ಬದ ಕಬ್ಬಿಣವನ್ನು ಒಮ್ಮೆ ಮುಟ್ಟಿದೆ. ಅತ್ತೆ ಅದನ್ನು ಆಯುಧಪೂಜೆ ಅಂದುಕೊಂಡರೋ ಏನೋ, ತಾವೂ ಬಂದು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂಬದಿಯ ಸಣ್ಣ ತಗಡಿನ ಪಟ್ಟಿ ಕಿತ್ತು, ಕಾರ್ಡನ್ನು ಅದರ ಸೀಳಿಗೆ ಹೊಂದಿಸಿ ಒತ್ತಿದೆ. ಹೋಗಲಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಒತ್ತಿದಾಗ ಟಕ್ ಎಂದು ಕೂತಿತು. ಮುರಿಯಿತೇನೋ ಎಂದು ಬಗ್ಗಿ ನೋಡಿದೆ. ಮುರಿದಿರಲಿಲ್ಲ. ಸ್ಕ್ರೂ ಬಿಗಿದು, ಹಿಂದೆ ಎರಡು ಆಂಟೆನಾ ತಿರುಗಿಸಿ ನಿಲ್ಲಿಸಿ, ಫೋನಿನಿಂದ ಬೇಕಾದ ಸಾಫ್ಟ್‌ವೇರ್ ಹಾಕಿದೆ. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿ ಬಂದವು. ಅಡುಗೆಮನೆಗೆ ಓಡಿಹೋಗಿ ಒಬ್ಬಳೇ ಕುಣಿದೆ. ಪರೀಕ್ಷೆಯ ಪಾಠ ಸರಾಗವಾಗಿ ಮುಗಿಯಿತು, ಕೆಲಸ ನನ್ನದಾಯಿತು.

ಆಗ ಕೊಬ್ಬರಿ ಮಾರಿ ಮುಗಿದು ಕೊಬ್ಬರಿ ಮನೆ ಖಾಲಿ ಬಿದ್ದಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ಹೊಸ ಕಾಯಿ ಕೀಳಿಸಿದರು. ಗಾಡಿ ಗಾಡಿ ಕಾಯಿ ಬಂದು ರಾಶಿ ಸೂರು ಮುಟ್ಟಿತು. ಅದೇ ವಾರ ನಾನು ಬೆಳಕಿನ ಪಾಠ ಹೇಳುತ್ತಿರುವಾಗ ಮಕ್ಕಳ ಮುಖಗಳು ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಹೋದವು. ಮರುದಿನವೂ ಅದೇ. ಕಾರ್ಡ್ ಸಡಿಲವಾಗಿದೆಯೆಂದು ಡಬ್ಬ ಬಿಚ್ಚಿದೆ, ಕಾರ್ಡಿನ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ, ಮತ್ತೆ ಕೂರಿಸಿದೆ. ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಸಂಸ್ಥೆಯಿಂದ ಫೋನ್ ಬಂತು: "ಇನ್ನೊಂದ್ ಸಲ ಹೀಗಾದ್ರೆ ಈ ಮಕ್ಕಳನ್ನ ಬೇರೆ ಟೀಚರ್‌ಗೆ ಕೊಡ್ಬೇಕಾಗುತ್ತೆ ಮೇಡಂ."

ಬೆಳಿಗ್ಗೆ ಚಟ್ನಿಗೆಂದು ಅದೇ ಕೊಯ್ಲಿನ ಒಂದು ಕಾಯಿ ಒಡೆದೆ. ಸಿಟ್ಟಿನಲ್ಲಿದ್ದೆನಲ್ಲ, ಏಟು ಜೋರಾಗಿ ನೀರೆಲ್ಲ ಪಾದದ ಮೇಲೆ ಚೆಲ್ಲಿತು. ಒದ್ದೆ ಕಾಲಲ್ಲಿ ಹಾಗೇ ನಿಂತೆ. ನೀರು! ಮೈಕ್ರೋವೇವ್ ಒಲೆಯ ಅಲೆಗೂ ವೈಫೈ ಅಲೆಗೂ ದಾಯಾದಿ ಸಂಬಂಧ, ನೀರು ಸಿಕ್ಕಿದರೆ ಎರಡೂ ಅದರೊಳಗೆ ಕರಗಿಹೋಗುತ್ತವೆ ಎಂದು ಬೇಲೂರಿನಲ್ಲಿ ಎಷ್ಟು ಮಕ್ಕಳಿಗೆ ಹೇಳಿದ್ದೆ! ನನಗೂ ಆ ಪೆಟ್ಟಿಗೆಗೂ ನಡುವೆ ಒಂದು ಕೆರೆಯಷ್ಟು ನೀರನ್ನು ಕಾಯಿಯೊಳಗೆ ಹಂಚಿ ಪೇರಿಸಿಟ್ಟಿದ್ದರು. ಅದು ಒಣಗಲು ವರ್ಷ ಬೇಕು. ಪುಣ್ಯಕ್ಕೆ ಆ ದಿನ ಕ್ಲಾಸಿರಲಿಲ್ಲ, ನನಗೆ ಇದ್ದದ್ದು ಮರುದಿನ ಸಂಜೆಯ ಕ್ಲಾಸಿನವರೆಗೆ.

ನಮ್ಮ ಮನೆಯಲ್ಲಿ ಸೊಸೆ ಮಾವನ ಹತ್ತಿರ ಮಾತಾಡಬಾರದೆಂದೇನಿಲ್ಲ. ಆದರೆ "ಕಾಫಿ, ಮಾವ", "ಊಟಕ್ಕೆ ಏಳಿ, ಮಾವ" ಎಂಬುದರಾಚೆಗಿನ ಮಾತೆಲ್ಲ ಅತ್ತೆಯ ಮೂಲಕ ಹೋಗಿ ಅತ್ತೆಯ ಮೂಲಕವೇ ಬರುತ್ತದೆ. ಅತ್ತೆ ಹೋಗಿ, "ನಮ್ಮ ಕಾಯಿ ಅವಳ ವೈಫೈನ ಕುಡೀತಾವಂತೆ ಕಣ್ರೀ" ಅಂದರು. ಉತ್ತರ ಬಂತು: "ನಮ್ಮ ತಾತನ ಕಾಲದಿಂದ ಕಾಯಿ ಹಾಕ್ತಾ ಇದೀವಿ, ಇದುವರ್ಗೂ ಯಾರ ವೈಫೈನೂ ಕುಡಿದಿಲ್ಲ ಅಂತ ಹೇಳು."

ನನಗೆ ರೇಗಿಹೋಯಿತು. ಆ ಸಂಜೆ ನೇರ ಪಡಸಾಲೆಗೆ ಹೋದೆ. ಮಾವ ಕುರ್ಚಿಯಲ್ಲಿ, ಅತ್ತೆ ಧಾರಾವಾಹಿಯ ಮುಂದೆ. "ಮಾವ, ನಾನು ಹೇಳಿದ್ದು ನಂಬಬೇಡಿ. ಕಣ್ಣಾರೆ ನೋಡಿ" ಅಂದೆ. ನಮ್ಮ ಯಜಮಾನರು ರಾಶಿಗೆ ಹಾಕದೆ ಉಳಿದಿದ್ದ ಹಸಿಕಾಯಿಯ ಚೀಲಗಳನ್ನು ಹೊತ್ತು ತಂದರು. ಇಡೀ ಪ್ರಸಂಗದಲ್ಲಿ ಅವರು ಮಾತಾಡಿದ್ದು ಕಡಿಮೆ, ಹೊತ್ತಿದ್ದು ಜಾಸ್ತಿ. ವೈಫೈ ಪೆಟ್ಟಿಗೆಯ ಗೂಡು ಮುಚ್ಚುವಂತೆ ಚೀಲದ ಮೇಲೆ ಚೀಲ ಪೇರಿಸಿದೆವು. ಧಾರಾವಾಹಿಯ ಅತ್ತೆ ಸೊಸೆಗೆ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು, ಪರದೆಯ ಮಧ್ಯೆ ಬಿಳಿಯ ಚಕ್ರ ಸುತ್ತತೊಡಗಿತು.

"ಅಯ್ಯೋ, ತೆಗೀರಿ! ಹೊಡೆದ್ಲೋ ಇಲ್ವೋ!" ಎಂದು ಅತ್ತೆ ಕೂಗಿದರು.

ಮಾವ ಎದ್ದರು. "ಈಗ ಹೋದ ವರ್ಸದ ಒಣಗಿದ್ದು ತಾ" ಅಂದರು ಮಗನಿಗೆ. ಮನೆ ಬಳಕೆಗೆ ಉಳಿಸಿಕೊಂಡಿದ್ದ ಒಣಕಾಯಿಯ ಚೀಲಗಳು ಬಂದವು. ಹಸಿಯವನ್ನು ಇಳಿಸಿ ಅದೇ ಜಾಗದಲ್ಲಿ ಒಣಗಿದವನ್ನು ಇಟ್ಟರು. ಕೈ ಬೀಸಿತು, ಸೊಸೆ ಅತ್ತಳು, ಧಾರಾವಾಹಿ ಓಡಿತು. ಮಾವ ಒಂದು ಹಸಿಕಾಯಿ, ಒಂದು ಒಣಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಹ್ಞೂಂ. ನೀರೇ ಕಣವ್ವ" ಅಂದರು, ನನ್ನನ್ನೇ ನೋಡಿ. ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದರು. ಗೆದ್ದೆನೋ ಸೋತೆನೋ ನನಗೆ ತಿಳಿಯಲಿಲ್ಲ.

ಬೆಳಿಗ್ಗೆ ನಾನು ಮುದ್ದೆಗೆ ಎಸರಿಟ್ಟಿದ್ದಾಗ ಮಾವ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ತೆಂಗಿನ ಸಸಿ ನೆಡುವಾಗ ಸಾಲು ಹಿಡಿಯುವ ಹಗ್ಗ. "ಈ ತುದಿ ಹಿಡ್ಕೊಂಡು ನಿನ್ನ ಮಿಷನ್ ಹತ್ರ ನಿಂತ್ಕೊ" ಅಂದರು. ಹಳೇ ಮನೆಯಲ್ಲವೇ, ಬಾಗಿಲುಗಳೆಲ್ಲ ಒಂದೇ ನೇರಕ್ಕೆ ಇವೆ. ಗೂಡಿನಿಂದ ನನ್ನ ಕೋಣೆಯವರೆಗೆ ರಾಶಿಯ ಮೇಲಿಂದ ಹಗ್ಗ ಬಿಗಿದು, ಅದರ ನಡುವೆ ಗೆರೆ ಗುರುತು ಹಾಕಿದರು. ಆ ಗೆರೆಯ ಮೇಲಿದ್ದ ಕಾಯಿಗಳನ್ನು ಒಂದೊಂದಾಗಿ ತಾವೇ ತೆಗೆದು ಪಕ್ಕಕ್ಕೆ ಜೋಡಿಸಿದರು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಕಾಯಿ ಉರುಳದಂತೆ ಎರಡೂ ಕಡೆ ಬಿದಿರಿನ ತಟ್ಟಿ ನಿಲ್ಲಿಸಿದರು. ಒಬ್ಬರು ನಡೆಯುವಷ್ಟು ಅಗಲದ ಓಣಿಯಾಯಿತು. ಸಂಜೆ ಪರದೆಯ ಮೂಲೆಯಲ್ಲಿ ಗೆರೆಗಳು ತುಂಬಿದವು, ಮಕ್ಕಳ ಬಾಯಿಗಳು ಅಲ್ಲಾಡಿದವು. ಅಂಗಡಿಯವನಿಗೆ ಫೋನ್ ಮಾಡಿ, "ನಿಮ್ಮ ಕಾರ್ಡ್ ಚಿನ್ನದಂಥದ್ದು" ಅಂದೆ. ಅವನು ಗಾಬರಿಯಾಗಿ ಫೋನ್ ಇಟ್ಟ.

ಓಣಿಯಿಂದ ವೈಫೈ ಮಾತ್ರ ಬರುತ್ತದೆ ಅಂದುಕೊಂಡಿದ್ದೆ. ಅದೇ ದಾರಿಯಲ್ಲಿ ನನ್ನ ದನಿ ಪಡಸಾಲೆಗೆ ಹೋಗುತ್ತಿತ್ತು, ಅದು ಗೊತ್ತಾದದ್ದು ಒಂದು ರಾತ್ರಿ ಊಟಕ್ಕೆ ಕೂತಾಗ. "ನೀರಿಗೆ ಹೊಕ್ಕ ಬೆಳಕು ಬಗ್ತದೆ ಅಂತಿದ್ಯಲ್ಲ. ಅದಕ್ಕೇನವ್ವಾ ತೊಟ್ಟೀಲಿರೋ ಕೋಲು ಸೊಟ್ಟ ಕಾಣೋದು?" ಎಂದು ಮಾವ ಕೇಳಿದರು. ಸಾರು ಬಡಿಸುತ್ತಿದ್ದ ನಾನು ಸೌಟು ಹಿಡಿದುಕೊಂಡೇ ಕೂತು ಪಾಠ ಶುರು ಮಾಡಿದೆ. ಅತ್ತೆ ಸೌಟು ಕಿತ್ತುಕೊಂಡು ತಾವೇ ಬಡಿಸಿದರು.

ಮುಂದಿನ ವರ್ಷದ ಕಾಯಿ ಬರುವ ಹೊತ್ತಿಗೆ ನಾನು ತವರಿನಲ್ಲಿದ್ದೆ. ಹಳೇಬೀಡಿನ ಹತ್ತಿರದ ಹುಲಿಕೆರೆಯಲ್ಲಿ ಚಿಕ್ಕಪ್ಪನ ಮಗಳ ಮದುವೆ. ಛತ್ರದಲ್ಲಿ ಕೂತರೂ ನನಗೆ ಅದೇ ಚಿಂತೆ. ಈ ಸಲ ಕಾಯಿ ಹೆಚ್ಚು ಎಂದು ಯಜಮಾನರು ಫೋನಿನಲ್ಲಿ ಹೇಳಿದ್ದರು, ಜಾಗ ಸಾಲದೆ ಓಣಿ ಮುಚ್ಚಿದರೆ? ಮತ್ತೆ ಹೋಗಿ ಕೇಳಲು ನನಗೆ ಬಾಯಿ ಬರುವುದೇ? ಮದುವೆ ಮುಗಿದ ಮಾರನೇ ದಿನವೇ ಬಸ್ಸು ಹತ್ತಿದೆ.

ಅಂಗಳಕ್ಕೆ ಕಾಲಿಟ್ಟಾಗ ಗಾಡಿಯಿಂದ ಕೊನೆಯ ಕಾಯಿಗಳನ್ನು ಇಳಿಸುತ್ತಿದ್ದರು. ಒಳಗಿಂದ ಮಾವನ ಗಂಟಲು ಕೇಳಿಸಿತು.

"ಅಲ್ಲಿ ಹಾಕ್ಬ್ಯಾಡ್ರೋ! ಮಿಕ್ಕಿದ್ದು ಹೊರಗೆ ಚಪ್ಪರದಡಿ ಹಾಕಿ. ಅದು ನಮ್ಮ ಮೇಡಮ್ಮೋರ ದಾರಿ ಕಣ್ರೋ!"

ಬೇಲೂರು ಬಿಟ್ಟ ಮೇಲೆ ನನ್ನ ಎದುರಿಗಾಗಲಿ ಹಿಂದಾಗಲಿ ಈ ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ಬ್ಯಾಗು ಹಿಡಿದುಕೊಂಡೇ ನಿಂತೆ, ಕಣ್ಣು ತುಂಬಿ ಬಂತು. ಮಾವ ಮೈಮೇಲಿನ ಸಿಪ್ಪೆಯ ಧೂಳು ಕೊಡವಿಕೊಳ್ಳುತ್ತ ಹೊರಗೆ ಬಂದರು. ನನ್ನನ್ನು ಕಂಡು ಸ್ವಲ್ಪ ನಾಚಿದರು.

"ಬಂದ್ಯಾ? ಸಂಜೆ ಕ್ಲಾಸ್ ಐತೋ ಇಲ್ವೋ? ಕಣ್ಣಿನ ಪಾಠ ಅರ್ಧಕ್ಕೆ ಬಿಟ್ಟು ಹೋಗಿದೀಯ."